ಕೆರೆಯ ಕೆಲಸವೂ ಬಲ್ಲವರ ಪರೀಕ್ಷೆಯೂ

(ಶ್ರೀಮಠದ ಮಹೋತ್ಸವದ ಅಂಗವಾಗಿ ಸೇರಿದ್ದ ಸದ್ಭಕ್ತರ ಸಭೆಯಲ್ಲಿ ಮಾಡಿದ ಉಪನ್ಯಾಸ)

 

ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣ ಈ ನಾಲ್ಕು ಸೀಮೆಗಳ ಭಕ್ತರು ತಮ್ಮ ತಮ್ಮ ಗ್ರಾಮಗಳ ಕೆರೆ ಕಟ್ಟೆ ಕಲ್ಯಾಣಿಗಳನ್ನು ಊರೊಟ್ಟಿನಿಂದ ಜೀರ್ಣೋದ್ಧಾರ ಮಾಡಬೇಕೆಂದು ಸಂಕಲ್ಪಿಸಿದ್ದಾರೆ. ಈ ವಿಷಯವಾಗಿ ನಾಲ್ಕು ಮಾತುಗಳನ್ನು ಅರಿಕೆಮಾಡತಕ್ಕದ್ದೆಂದು ಸನ್ನಿಧಿಯಿಂದ ನನಗೆ ಅಪ್ಪಣೆಯಾಯಿತು. ಕೆರೆಯನ್ನು ಕಟ್ಟಿಸಿದವನ ಪುಣ್ಯವನ್ನು ಕುರಿತು ತಮ್ಮ ಮುಂದೆ ಹೊಸದಾಗಿ ಹೇಳಬೇಕಾದುದೇನೂ ಇಲ್ಲ. ಅದಕ್ಕೆ ಬದಲಾಗಿ, ಅಷ್ಟಾಗಿ ಯಾರೂ ವಿಚಾರಮಾಡದ ಒಂದು ಪ್ರಶ್ನೆಯನ್ನು ತಮ್ಮ ಪರ್ಯಾಲೋಚನೆಗೆ ತರಬೇಕೆಂದಿದ್ದೇನೆ. ಊರವರು ಕೂಡಿ ಮಾಡಿದ ಕೆಲಸ ಸರಿಯಾಗಿದೆಯೇ ಇಲ್ಲವೇ ಎಂಬುದನ್ನು ನೋಡತಕ್ಕವರು ಯಾರು? ಯಾವ ಅಳತೆಯಿಂದ ನೋಡತಕ್ಕದ್ದು? ಹಾಗೆ ನೋಡುವವರನ್ನು ನೋಡುವವರು ಯಾರು?

ಶೂನ್ಯಸಂಪಾದನೆಯನ್ನು ಕೇಳಿರುವ ತಮಗೆಲ್ಲರಿಗೂ ಸೊನ್ನಲಿಗೆಯ ಪ್ರಸಂಗ ತಿಳಿದಿರುವುದು. ಸಿದ್ಧರಾಮೇಶ್ವರರು ಲೋಕೋಪಕಾರಾರ್ಥವಾಗಿ ಕೆರೆಯನ್ನು ತೋಡಿಸುತ್ತಿದ್ದರು. ಸಾವಿರಾರು ಜನ ಮಣ್ಣು ಹೊರುತ್ತಿದ್ದರು. ಆ ಎಡೆಗೆ ಅಲ್ಲಮಪ್ರಭುಗಳು ಬಂದರು. ಬಂದು ಕೆಲಸವನ್ನು ಹೊಗಳಲಿಲ್ಲ. ಇದನ್ನು ಮಾಡಿಸುತ್ತಿರುವವನಾರು, ಮಾಡಿದೆನೆಂಬುದು ಇನ್ನೂ ಉಳಿದಿದೆಯೋ ಅಳಿದಿದೆಯೋ ಎಂದು ಕೇಳಿದರು. ಕೆಲಸದವರು ಕನಲಿ ಕಲ್ಲೆಸೆದರೆಂದು ಕಥೆಯುಂಟು. ಕಡೆಗೆ ಸಿದ್ಧರಾಮರು ಆ ಪ್ರಶ್ನೆಯನ್ನು ತಲೆಬಾಗಿ ಸ್ವೀಕರಿಸಿ ಪ್ರಭುಗಳೊಡನೆ ಕಲ್ಯಾಣಕ್ಕೆ ನಡೆದರು. ಈ ಪ್ರಸಂಗಕ್ಕೆ ಹಿರಿಯರು ಹೇಳುವ ಪಾರಮಾರ್ಥಿಕ ಅರ್ಥವನ್ನು ನಾನು ಮುಟ್ಟಲಾರೆ. ಲೌಕಿಕದಲ್ಲಿ ಇದರಿಂದ ನನಗೆ ತೋರುವುದು ಎರಡು ಸಂಗತಿಗಳು. ಪರೀಕ್ಷಕನು ಹೊರಗಿನಿಂದ ನಡೆದುಬಂದನು. ಕೆಲಸದ ಸ್ಥಳಕ್ಕೇ ಬಂದನು, ಕಾಗದವನ್ನು ತರಿಸಿಕೊಂಡು ನೋಡಲಿಲ್ಲ. ಇನ್ನೊಂದು, ಅವನ ಪ್ರಶ್ನೆಯಿಂದ ಕೆರೆ ನಿಲ್ಲಲಿಲ್ಲ. ಸೊಲ್ಲಾಪುರದಲ್ಲಿ ಸಿದ್ಧೇಶ್ವರ ಗುಡಿಯ ಸುತ್ತ ನೀರು ಇಂದಿಗೂ ಇದೆ.

‘ಪ್ರಮಾಣ’ವೆಂಬ ಶಬ್ದವನ್ನೇ ತೆಗೆದುಕೊಳ್ಳಿರಿ. ಅದಕ್ಕೆ ಅಳತೆಯೆಂದೂ ಅರ್ಥವುಂಟು, ಸಾಕ್ಷ್ಯವೆಂದೂ ಅರ್ಥವುಂಟು, ದೇವರ ಮುಂದೆ ಮಾಡುವ ಆಣೆಯೆಂದೂ ಉಂಟು. ಈಗಿನ ಕಾಲದ ತಜ್ಞರ ಸಮಿತಿಗಳು ಮೊದಲನೆಯ ಅರ್ಥವೊಂದನ್ನೇ ಹಿಡಿದಿರುತ್ತವೆ. ಎಷ್ಟು ಗಜ ಅಗೆದರು, ಎಷ್ಟು ಸಸಿ ನೆಟ್ಟರು ಎಂಬ ಲೆಕ್ಕ ಸರಿಯಾಗಿದ್ದರೆ ಪ್ರಮಾಣ ಸರಿಯೆಂದು ರುಜು ಬೀಳುವುದು.

ಅಳತೆಯೊಂದನ್ನೇ ನಂಬಿದರೆ ಏನಾಗುವುದೆಂಬುದಕ್ಕೆ ನಮ್ಮ ಸೀಮೆಯವರು ದೂರ ಹೋಗಬೇಕಾದುದಿಲ್ಲ. ೧೯೮೦ರ ದಶಕದಲ್ಲಿ ಸಾಮಾಜಿಕ ಅರಣ್ಯವೆಂಬ ಹೆಸರಿನಿಂದ ಪರದೇಶದ ಸಾಲವನ್ನು ತಂದು, ಬಲ್ಲವರೆನಿಸಿಕೊಂಡವರ ಸಲಹೆಯಂತೆ, ಮೈಸೂರು ಸೀಮೆಯ ಬಯಲುಗಳಲ್ಲಿ ನೀಲಗಿರಿಯನ್ನು ಹೇರಳವಾಗಿ ನೆಡಿಸಿದರು. ಹಳ್ಳಿಯವರಿಗೆ ಸೌದೆ, ಮೇವು ದೊರಕಲೆಂಬುದು ಉದ್ದೇಶ. ಎಣಿಸಿದ್ದು ಮಾತ್ರ ಸಸಿಗಳನ್ನು. ನೀಲಗಿರಿಯ ಸೊಪ್ಪನ್ನು ದನ ಮೂಸುವುದಿಲ್ಲವೆಂಬುದನ್ನು ದನ ಕಾಯುವ ಹುಡುಗನನ್ನು ಕೇಳಿದ್ದರೂ ಹೇಳುತ್ತಿದ್ದನು. ರಾಗಿ ಬೆಳೆಯುತ್ತಿದ್ದ ಹೊಲಗಳೂ ಕಾರ್ಖಾನೆಯ ಮರಕ್ಕೆ ಮೀಸಲಾದವು. ೧೯೮೩ರಲ್ಲಿ ನೆರೆಯ ತುಮಕೂರು ಜಿಲ್ಲೆಯಲ್ಲಿ ರೈತರು ಗುಂಪುಗೂಡಿ ಸಸಿಗಳನ್ನು ಕಿತ್ತು, ಆ ಸ್ಥಳದಲ್ಲಿ ಹುಣಿಸೆ ಮಾವುಗಳ ಬೀಜವನ್ನು ಬಿತ್ತಿದರು. ಅದಾದ ಎಷ್ಟೋ ವರ್ಷಗಳ ಮೇಲೆ, ೨೦೧೭ರಲ್ಲಿ, ಕರ್ನಾಟಕ ಸರ್ಕಾರವು ನೀಲಗಿರಿಯನ್ನು ಹೊಸದಾಗಿ ನೆಡಕೂಡದೆಂದು ಆಜ್ಞೆ ಮಾಡಿತು. ಹಳ್ಳಿಯವರಿಗೆ ಮೂರು ವರ್ಷದಲ್ಲಿ ತಿಳಿದುದು ದಫ್ತರಿಗೆ ತಿಳಿಯಲು ಮೂವತ್ತು ವರ್ಷಗಳಿಗಿಂತ ಹೆಚ್ಚು ಬೇಕಾಯಿತು.

ಹಾಗೆಂದು ತಜ್ಞರೇ ಬೇಡವೆನ್ನುವ ಪಕ್ಷದವನು ನಾನಲ್ಲ. ಊರವರೆಲ್ಲ ಬಲ್ಲವರು, ಓದಿದವರೆಲ್ಲ ಅರಿಯದವರು ಎಂದು ವೇದಿಕೆಗಳಲ್ಲಿ ಹೇಳುವುದು ಈಚೆಗೆ ಒಂದು ಪದ್ಧತಿಯಾಗಿದೆ. ಅದು ಕೇಳಲು ಹಿತ, ನಿಜಕ್ಕೆ ದೂರ. ಕೆರೆಯ ವಿಷಯದಲ್ಲಿ ಊರವರು ಮಾಡುವ ತಪ್ಪುಗಳು ಸಣ್ಣವಲ್ಲ. ಇವನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕು, ಏಕೆಂದರೆ ನಮ್ಮ ಸಂಕಲ್ಪ ಕೆಡುವುದಾದರೆ ಇಲ್ಲಿಯೇ ಕೆಡುವುದು.

ಕೆರೆಯ ಜೀರ್ಣೋದ್ಧಾರವೆಂದೊಡನೆ ಎಲ್ಲರ ಕಣ್ಣೂ ಹೂಳಿನ ಮೇಲೆ ಬೀಳುತ್ತದೆ. ಯಂತ್ರವನ್ನು ತರಿಸಿ, ಹೊಲಗಳಿಗೆ ಗೋಡು ಹೊಡೆಯಿಸಿ, ಏರಿಯ ಬುಡದಲ್ಲಿಯೇ ಆಳವಾಗಿ ಅಗೆಯಿಸಿಬಿಡುವರು. ಏರಿಯ ಬುಡ ಸಡಿಲವಾದರೆ ಮುಂದಿನ ದೊಡ್ಡ ಮಳೆಗೆ ಏರಿಯೇ ಜಾರುವುದು. ಕೆರೆಯಂಗಳವು ತಟ್ಟೆಯಂತೆ ಇಳಿಜಾರಾಗಿರಬೇಕಾದುದು ಕಡಿದಾದ ಗುಂಡಿಗಳಾದರೆ, ನೀರು ಕುಡಿಯಲಿಳಿದ ದನವೂ ಈಜಲಿಳಿದ ಮಗುವೂ ಮೇಲೆ ಬರುವುದಿಲ್ಲ. ಕೆಸರಂಚಿನಲ್ಲಿ ಮೇಯುವ ಹಕ್ಕಿಗೆ ನೆಲೆಯಿಲ್ಲವಾಗುವುದು. ಎಷ್ಟೋ ಕಡೆ ತಳದಲ್ಲಿ ಕಾಲಾಂತರದಿಂದ ಕುಳಿತ ಜೇಡಿಯ ಪದರವೇ ನೀರನ್ನು ಹಿಡಿದು ನಿಲ್ಲಿಸಿರುತ್ತದೆ. ಅದನ್ನು ತೂತುಮಾಡಿದರೆ ನೀರು ಇಂಗಿಹೋಗುವುದು. ಇಂಗಿದರೆ ಬಾವಿಗಳಿಗೆ ಒಳ್ಳೆಯದಲ್ಲವೇ ಎಂದರೆ, ಹೌದು, ಒಳ್ಳೆಯದೇ. ಆದರೆ ತೂಬಿನ ಕೆಳಗೆ ಗದ್ದೆಯುಳ್ಳವನಿಗೆ ಅದು ನಷ್ಟ. ಈ ಕೆರೆ ಬಾವಿಗಾಗಿಯೋ ತೂಬಿಗಾಗಿಯೋ ಎಂಬುದನ್ನು ಅಗೆಯುವುದಕ್ಕೆ ಮುಂಚೆಯೇ ತೀರ್ಮಾನಿಸಬೇಕು. ಆ ತೀರ್ಮಾನ ಊರಿನದು. ಎಷ್ಟು ಆಳಕ್ಕೆ ಹೋದರೆ ಯಾವ ಫಲ ಎಂಬುದನ್ನು ಹೇಳುವುದು ಮಾತ್ರ ಬಲ್ಲವನ ಕೆಲಸ. ಇವೆರಡನ್ನೂ ಕಲಸಿದರೆ ಒಂದು ಕಡೆ ತಜ್ಞನು ಊರಿನ ಯಜಮಾನನಾಗುತ್ತಾನೆ, ಇಲ್ಲವೇ ಊರಿನ ಯಜಮಾನನೇ ತಜ್ಞನಾಗಿಬಿಡುತ್ತಾನೆ.

ಕೋಡಿಯ ವಿಷಯ ಇನ್ನೂ ಸೂಕ್ಷ್ಮ. ಕೋಡಿಯ ಮೇಲೆ ಎರಡು ಸಾಲು ಕಲ್ಲಿಟ್ಟರೆ ನೀರು ಹೆಚ್ಚು ನಿಲ್ಲುವುದು ನಿಶ್ಚಯ. ಆ ನೀರು ಹಿನ್ನೀರಿನ ಕಡೆ ಯಾರೋ ಬಡವನ ತುಂಡು ಹೊಲವನ್ನು ಮುಳುಗಿಸುವುದೂ ಅಷ್ಟೇ ನಿಶ್ಚಯ. ಅಷ್ಟಲ್ಲದೆ ನಮ್ಮ ಸೀಮೆಯ ಕೆರೆಗಳು ಒಂಟಿಯಲ್ಲ, ಸರಣಿಯಾಗಿವೆ. ಮೇಲಿನ ಕೆರೆಯ ಕೋಡಿ ಕೆಳಗಿನ ಕೆರೆಗೆ ತಾಯಿ. ೧೮೬೦ರ ದಶಕದಲ್ಲಿಯೇ ಮೈಸೂರು ಸಂಸ್ಥಾನದ ಮುಖ್ಯ ಎಂಜಿನಿಯರಾಗಿದ್ದ ಮೇಜರ್ ಸ್ಯಾಂಕಿಯವರು, ಈ ನಾಡಿನಲ್ಲಿ ಕೆರೆಗಳ ಸರಣಿ ಎಷ್ಟು ದಟ್ಟವಾಗಿದೆಯೆಂದರೆ ಹೊಸ ಕೆರೆಗೆ ಎಡೆಯೇ ಸಿಕ್ಕದು, ಕಟ್ಟಿದರೆ ಅದು ಕೆಳಗಿನ ಇನ್ನಾವುದೋ ಕೆರೆಯ ನೀರನ್ನು ಕಸಿದಂತೆಯೇ ಸರಿ ಎಂಬ ಅಭಿಪ್ರಾಯವನ್ನು ಬರೆದಿಟ್ಟರು. ಆದುದರಿಂದ ಒಂದು ಗ್ರಾಮದ ಪುಣ್ಯಕಾರ್ಯ ಮುಂದಿನ ಗ್ರಾಮದ ಬರವಾಗಬಹುದು. ಇದನ್ನು ಕಾಣಲು ಒಂದು ಊರಿನ ಕಣ್ಣು ಸಾಲದು. ಇಡೀ ಹಳ್ಳದ ಪಾತ್ರವನ್ನು ನೋಡಿದವರು ಬೇಕು. ಅಂಥವರ ಒಂದು ಗುಂಪನ್ನು ಇಟ್ಟುಕೊಳ್ಳಬೇಕೆಂದು ನಾನು ಹೇಳುವುದು ಇದಕ್ಕೋಸ್ಕರವೇ.

ನಮ್ಮ ನಾಲ್ಕು ತಾಲ್ಲೂಕುಗಳಿಗೆ ಒಂದೇ ಅಳತೆ ಹೊಂದದೆಂಬುದನ್ನೂ ಇಲ್ಲಿಯೇ ಹೇಳಿಬಿಡಬೇಕು. ಪಡುವಲ ಮಲೆನಾಡಿನ ಮಳೆಗೂ ಮೂಡಲ ಬಯಲಿನ ಮಳೆಗೂ ಬಹು ಅಂತರ. ಹೊಳೆನರಸೀಪುರದ ಕಡೆ ಹೇಮಾವತಿಯ ನಾಲೆಗಳ ಆಸರೆಯುಂಟು. ೧೯೭೯ರಲ್ಲಿ ಗೊರೂರಿನ ಅಣೆಕಟ್ಟು ಮುಗಿದು, ಹೇಮಾವತಿಯ ನೀರು ಚನ್ನರಾಯಪಟ್ಟಣದ ಸೀಮೆಯನ್ನು ಹಾದು ಬಾಗೂರು ನವಿಲೆಗಳ ಸುರಂಗದ ಮೂಲಕ ತುಮಕೂರಿಗೆ ಹೋಗುವಂತಾಯಿತು. ನಾಲೆಯಿಂದ ತುಂಬುವ ಕೆರೆಗೂ ಮಳೆಯನ್ನೇ ನಂಬಿದ ಕೆರೆಗೂ ಒಂದೇ ಪುಸ್ತಕದಿಂದ ಅಂಕಿ ಕೊಡುವುದು ಹೇಗೆ? ಅರಕಲಗೂಡಿನ ಸಂಗತಿಯೇ ಬೇರೆ. ಅಲ್ಲಿ ಕೃಷ್ಣರಾಜಕಟ್ಟೆಯ ಗದ್ದೆಗಳುಂಟು; ರಾಮನಾಥಪುರದ ಸುತ್ತ ಹೊಗೆಸೊಪ್ಪಿನ ಬೆಳೆಯುಂಟು. ಸೊಪ್ಪನ್ನು ಹದಮಾಡುವ ಬ್ಯಾರನ್‌ಗಳಿಗೆ ಸೌದೆ ಬೇಕು. ಮರ ಕಡಿದ ದಿಣ್ಣೆಯ ಮಣ್ಣು ಮಳೆಗೆ ತೊಳೆದು ಕೆರೆಗೇ ಇಳಿಯುವುದು. ಹೂಳೆತ್ತುವ ಲೆಕ್ಕದಲ್ಲಿ ಈ ಸೌದೆಯ ಲೆಕ್ಕವನ್ನೂ ಸೇರಿಸದೆ ಹೋದರೆ ಐದು ವರ್ಷಕ್ಕೊಮ್ಮೆ ಅದೇ ಕೆರೆಯನ್ನು ಅಗೆಯುತ್ತಿರಬೇಕಾದೀತು.

ಈಗ ತಜ್ಞರ ಮಂಡಲಿಗಳ ಅನುಭವವನ್ನು ನೋಡೋಣ. ಜಲಾನಯನದ ಕೆಲಸಗಳಿಗೆ ನಿಯಮವನ್ನು ಹಾಕಿಕೊಡಲು ಭಾರತ ಸರ್ಕಾರವು ಪ್ರೊಫೆಸರ್ ಹನುಮಂತರಾಯರ ಅಧ್ಯಕ್ಷತೆಯಲ್ಲಿ ನೇಮಿಸಿದ ಸಮಿತಿಯು ೧೯೯೪ರಲ್ಲಿ ವರದಿಯನ್ನೊಪ್ಪಿಸಿತು. ಅದರಂತೆ ೧೯೯೫ರ ಏಪ್ರಿಲ್‌ನಿಂದ ಗ್ರಾಮದ ಜನರೇ ಸಮಿತಿ ಮಾಡಿಕೊಂಡು ಕೆಲಸ ನಡೆಸತಕ್ಕದ್ದೆಂಬ ಪದ್ಧತಿ ಬಂದಿತು. ೨೦೦೮ರ ಸಮಾನ ಮಾರ್ಗಸೂಚಿಗಳಲ್ಲಿ, ಸ್ವಂತ ಜಮೀನಿನಲ್ಲಿ ನಡೆಯುವ ಮಣ್ಣು ನೀರಿನ ಕೆಲಸಕ್ಕೆ ಒಡೆಯನು ವೆಚ್ಚದ ನೂರಕ್ಕೆ ೧೦ ಭಾಗವನ್ನಾದರೂ, ಪರಿಶಿಷ್ಟರೂ ಸಣ್ಣ ಹಿಡುವಳಿಯವರೂ ೫ ಭಾಗವನ್ನಾದರೂ ಕೊಡಬೇಕೆಂದು ವಿಧಿಸಿದರು. ಕೈಯಿಂದ ಕೊಟ್ಟವನು ಕಣ್ಣಿಟ್ಟು ನೋಡುವನೆಂಬುದು ಇದರ ಅಭಿಪ್ರಾಯ. ನಮ್ಮ ದಾಸೋಹದ ಧರ್ಮವನ್ನು ಬಲ್ಲವರಿಗೆ ಇದು ಹೊಸದಲ್ಲ. ನಮ್ಮ ರಾಜ್ಯದಲ್ಲಿಯೇ ೨೦೦೧ರಿಂದ ೨೦೦೯ರವರೆಗೆ ಕೋಲಾರ, ತುಮಕೂರು, ಚಿತ್ರದುರ್ಗ, ಹಾವೇರಿ, ಧಾರವಾಡ ಜಿಲ್ಲೆಗಳಲ್ಲಿ ನಡೆದ ಸುಜಲ ಯೋಜನೆಯಲ್ಲಿ ಮೌಲ್ಯಮಾಪನದ ಕೆಲಸವನ್ನು ಮಾಡುವವರಿಂದ ಬೇರ್ಪಡಿಸಿ, ಬಾಹ್ಯಾಕಾಶ ಸಂಸ್ಥೆಗೆ ಸೇರಿದ ಆಂಟ್ರಿಕ್ಸ್‌ಗೆ ಒಪ್ಪಿಸಿದ್ದರು. ಆಕಾಶದಿಂದ ತೆಗೆದ ಚಿತ್ರದಲ್ಲಿ ಕಾಣುವುದನ್ನೂ ಊರಿನಲ್ಲಿ ವಿಚಾರಿಸಿ ತಿಳಿದುದನ್ನೂ ಹೋಲಿಸಿ ನೋಡುವ ಕ್ರಮ ಅದು. ಮಾಡುವವನೇ ಮಾಪನಮಾಡಕೂಡದೆಂಬ ಈ ಒಂದು ನಿಯಮವನ್ನು ನಾವು ತಪ್ಪದೆ ಅನುಸರಿಸಬೇಕು.

ಇದಕ್ಕೆ ವಿಪರೀತವಾದ ಉದಾಹರಣೆಯೂ ನಮ್ಮ ಮುಂದಿದೆ. ೨೦೦೨ರ ಜೀವವೈವಿಧ್ಯ ಅಧಿನಿಯಮದಂತೆ ಪ್ರತಿಯೊಂದು ಗ್ರಾಮ ಪಂಚಾಯಿತಿಯೂ ಒಂದು ಸಮಿತಿಯನ್ನು ಏರ್ಪಡಿಸಿ, ತನ್ನ ಎಲ್ಲೆಯೊಳಗಿನ ಗಿಡ, ಮರ, ಬಿತ್ತನೆಯ ತಳಿ, ದನದ ತಳಿ, ಮೀನು, ಔಷಧಿಯ ಬೇರು, ಇವನ್ನೂ ಇವುಗಳನ್ನು ಕುರಿತ ಜನರ ತಿಳಿವಳಿಕೆಯನ್ನೂ ಒಂದು ದಾಖಲೆಯಲ್ಲಿ ಬರೆಯಿಸಿಡತಕ್ಕದ್ದು. ೨೦೦೪ರ ನಿಯಮಗಳಲ್ಲಿ ಆ ಸಮಿತಿಯ ಸದಸ್ಯರ ಪೈಕಿ ಮೂರರಲ್ಲೊಂದು ಪಾಲಿಗೆ ಕಡಮೆಯಿಲ್ಲದಂತೆ ಸ್ತ್ರೀಯರಿರಬೇಕೆಂದೂ ಹೇಳಿತ್ತು. ಶಾಸ್ತ್ರಜ್ಞರೂ ಕಾಲೇಜಿನ ಅಧ್ಯಾಪಕರೂ ಇಲಾಖೆಯವರೂ ಸೇರಿದ ತಾಂತ್ರಿಕ ನೆರವಿನ ತಂಡವು ಸಹಾಯಮಾಡತಕ್ಕದ್ದು. ಏರ್ಪಾಡು ಬಹು ಉತ್ತಮವಾದುದು. ಇಂಥ ದಾಖಲೆಗಳ ಮೊದಲ ಪ್ರಯೋಗಗಳು ೧೯೯೦ರ ದಶಕದಲ್ಲಿ ಬೆಂಗಳೂರಿನ ವಿಜ್ಞಾನ ಮಂದಿರದ ಪ್ರೊಫೆಸರ್ ಮಾಧವ ಗಾಡ್ಗೀಳರ ಪ್ರೇರಣೆಯಿಂದ ನಡೆದುವೆಂಬುದು ಕನ್ನಡನಾಡಿಗೆ ಹೆಮ್ಮೆಯ ಮಾತು. ಆದರೆ ನಡೆದುದೇನು? ವರ್ಷಗಟ್ಟಲೆ ಬಹುತೇಕ ಗ್ರಾಮಗಳಲ್ಲಿ ಕೆಲಸವೇ ಆಗಲಿಲ್ಲ. ೨೦೧೯ರ ಆಗಸ್ಟ್ ತಿಂಗಳಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯು ೨೦೨೦ರ ಜನವರಿ ೩೧ರೊಳಗೆ ಎಲ್ಲವೂ ಮುಗಿಯತಕ್ಕದ್ದೆಂದೂ, ತಪ್ಪಿದ ರಾಜ್ಯವು ತಿಂಗಳಿಗೆ ೧೦ ಲಕ್ಷ ರೂಪಾಯಿಗಳಂತೆ ತೆರತಕ್ಕದ್ದೆಂದೂ ವಿಧಿಸಿತು. ಅನಂತರ ದೇಶದಲ್ಲಿ ಈ ದಾಖಲೆಗಳ ಸಂಖ್ಯೆ ಎರಡು ಲಕ್ಷವನ್ನು ಮೀರಿತು! ದಂಡದ ಭಯದಿಂದ ಬರೆದ ಪುಸ್ತಕದಲ್ಲಿ ಊರಿನ ಸೂಲಗಿತ್ತಿಯ ಮಾತೂ ಕುರಿಗಾಹಿಯ ಮಾತೂ ಎಷ್ಟು ಸೇರಿರಬಹುದೆಂಬುದನ್ನು ತಾವೇ ಊಹಿಸಿರಿ. ನಾಲ್ಕು ಋತುಗಳನ್ನೂ ನೋಡದೆ ಒಂದು ಗ್ರಾಮದ ಜೀವರಾಶಿಯನ್ನು ಬರೆಯಲಾಗದು. ಅಟ್ಟದಲ್ಲಿ ಬೀಜದ ಗಡಿಗೆಯನ್ನು ಕಾಪಾಡಿಕೊಂಡಿರುವ ಅಜ್ಜಿಯನ್ನು ಕೇಳದೆ ರಾಗಿಯ ತಳಿಗಳನ್ನು ಬರೆಯಲಾಗದು.

ರಾಮನಾಥಪುರದಲ್ಲಿ ಕಾವೇರಿಯ ವಹ್ನಿಪುಷ್ಕರಿಣಿಯನ್ನು ನೋಡಿರುವವರು ಈ ಸಭೆಯಲ್ಲಿ ಬಹಳ ಮಂದಿ ಇರುವಿರಿ. ಅಲ್ಲಿಯ ಮೀನುಗಳನ್ನು ಯಾರೂ ಹಿಡಿಯುವುದಿಲ್ಲ. ಯಾತ್ರಿಕರು ಪುರಿಯನ್ನು ಚೆಲ್ಲುವರು. ಯಾವ ಅಧಿನಿಯಮವೂ ಹುಟ್ಟುವುದಕ್ಕೆ ಮುಂಚೆ ಜನರೇ ಇಟ್ಟುಕೊಂಡ ಕಟ್ಟು ಅದು. ಆ ಕಟ್ಟನ್ನು ದಾಖಲೆಯಲ್ಲಿ ‘ದೇವರ ಮೀನು ಇದೆ’ ಎಂದು ಒಂದು ಸಾಲಿನಲ್ಲಿ ಬರೆದರೆ ಅಳತೆ ಮುಗಿಯಿತು. ಯಾವ ಕಾಲದಲ್ಲಿ ಮರಿಗಳು ಕಾಣುವುವು, ಹೊಳೆ ಬತ್ತಿದಾಗ ಯಾರು ಕಾಯುವರು, ಮೇಲ್ಗಡೆಯಿಂದ ಕೊಳೆ ಬಂದುದನ್ನು ಮೊದಲು ಯಾರು ಕಾಣುವರು ಎಂಬುದನ್ನು ಬರೆದರೆ ಸಾಕ್ಷ್ಯವಾಯಿತು.

ತಜ್ಞರು ಜನರ ಪರವಾಗಿಯೇ ಹೇಳಿದ ಮಾತೂ ಜನರಿಗೆ ಮುಟ್ಟದೆ ಕೆಟ್ಟುದಕ್ಕೆ ಪಶ್ಚಿಮಘಟ್ಟಗಳ ವರದಿ ಸಾಕ್ಷಿ. ೨೦೧೦ರಲ್ಲಿ ನೇಮಕವಾದ ಗಾಡ್ಗೀಳರ ಮಂಡಲಿಯು ೨೦೧೧ರ ಆಗಸ್ಟ್‌ನಲ್ಲಿ ವರದಿಯನ್ನು ಒಪ್ಪಿಸಿತು. ಯಾವ ಕಟ್ಟುಪಾಡು ಎಲ್ಲಿಗೆ ಎಂಬುದನ್ನು ಗ್ರಾಮಸಭೆಗಳಲ್ಲಿ ಚರ್ಚಿಸಿಯೇ ನಿಶ್ಚಯಿಸಬೇಕೆಂಬುದು ಆ ವರದಿಯ ಜೀವಾಳ. ಅದು ಬಹಿರಂಗವಾದುದು ೨೦೧೨ರ ಮೇ ತಿಂಗಳಲ್ಲಿ, ಅದೂ ಆಂಗ್ಲಭಾಷೆಯಲ್ಲಿ. ನಮ್ಮ ಸಕಲೇಶಪುರದ ಕಡೆಯ ಬೆಳೆಗಾರನ ಕಿವಿಗೆ ವರದಿಗಿಂತ ಮೊದಲು ವದಂತಿ ಮುಟ್ಟಿತು: ಮನೆ ಕಟ್ಟಕೂಡದಂತೆ, ಎಮ್ಮೆ ಸಾಕಕೂಡದಂತೆ, ಊರು ಬಿಡಬೇಕಂತೆ ಎಂದು. ಆಮೇಲೆ ಡಾಕ್ಟರ್ ಕಸ್ತೂರಿರಂಗನ್ ಅವರ ಸಮಿತಿ ೨೦೧೩ರಲ್ಲಿ ಇನ್ನೊಂದು ವರದಿಯನ್ನು ಕೊಟ್ಟಿತು. ಅದಕ್ಕೂ ಕಲ್ಲೆಸೆತವೇ ಆಯಿತು. ವರದಿಯ ಗುಣದೋಷಗಳನ್ನು ತೂಗುವ ಶಕ್ತಿ ನನಗಿಲ್ಲ. ಓದಲಾರದ ಭಾಷೆಯಲ್ಲಿ ತೀರ್ಪು ಬಂದರೆ ಜನ ಅದನ್ನು ತೀರ್ಪೆಂದು ಒಪ್ಪುವುದಿಲ್ಲವೆಂಬುದನ್ನು ಮಾತ್ರ ಬಲ್ಲೆ. ಹನ್ನೆರಡನೆಯ ಶತಮಾನದಲ್ಲಿ ಶರಣರು ಪರತತ್ತ್ವವನ್ನೇ ಕನ್ನಡದಲ್ಲಿ ನುಡಿದಿರುವಾಗ ಕೆರೆಯ ಹೂಳಿನ ವಿಷಯವನ್ನು ಕನ್ನಡದಲ್ಲಿ ಬರೆಯಲಾಗದೆ?

ಹೊರದೇಶದ ಒಂದು ಸಂಗತಿಯನ್ನೂ ಹೇಳಿ ಮುಂದುವರಿಯುತ್ತೇನೆ. ಮೆಕ್ಸಿಕೋ ದೇಶದ ಚಿಯಾಪಾಸ್ ಸೀಮೆಯಲ್ಲಿ ೧೯೯೦ರ ದಶಕದಲ್ಲಿ, ಸಣ್ಣ ರೈತರು ಮರ ಬೆಳೆಸಿ, ಮರ ಹೀರಿದ ಇಂಗಾಲದ ಲೆಕ್ಕಕ್ಕೆ ಹಣ ಪಡೆಯುವ ಒಂದು ಕ್ರಮ ಆರಂಭವಾಯಿತು. ಅದರಿಂದ ‘ಪ್ಲಾನ್ ವೀವೋ’, ಎಂದರೆ ಜೀವಂತ ಯೋಜನೆ, ಎಂಬ ಪ್ರಮಾಣ ಬೆಳೆಯಿತು. ಅಲ್ಲಿ ಬಲ್ಲವರು ಪರೀಕ್ಷಿಸುವುದು ರೈತನು ತನ್ನ ಜಮೀನಿನ ನಕ್ಷೆಯನ್ನು ತಾನೇ ಬರೆದು ತನ್ನ ಸಂಕಲ್ಪವನ್ನು ಗುರುತುಮಾಡಿದ ಮೇಲೆ. ನಮ್ಮ ಕಡೆಗೂ ಇಂಗಾಲದ ಒಪ್ಪಂದವೆಂದು ಕಾಗದ ಹಿಡಿದುಬರುವವರು ಬಂದರೆ, ಯಜಮಾನರುಗಳೆ, ನಕ್ಷೆಯನ್ನು ಬರೆದವರಾರು, ಪರೀಕ್ಷಿಸುವವನಿಗೆ ಹಣ ಕೊಡುವವರಾರು ಎಂಬೆರಡು ಪ್ರಶ್ನೆಗಳನ್ನು ಕೇಳದೆ ಹೆಬ್ಬೆಟ್ಟು ಒತ್ತಬೇಡಿರಿ.

ಇನ್ನು ನಮ್ಮ ಏರ್ಪಾಡಿನ ಮಾತು. ಈ ನಾಲ್ಕು ಸೀಮೆಗಳಿಗೆ ಸೇರಿ ಐದಾರು ಜನರ ಒಂದು ಸಲಹಾ ಮಂಡಲಿ ಸಾಕು. ನೀರಾವರಿಯನ್ನು ಬಲ್ಲ ಎಂಜಿನಿಯರೊಬ್ಬರು, ಗಿಡಮರಗಳನ್ನು ಬಲ್ಲ ಅಧ್ಯಾಪಕರೊಬ್ಬರು ಇರಲಿ. ಅವರ ಸಮಾನಪೀಠದಲ್ಲಿಯೇ, ತೂಬು ಎತ್ತಿ ಇಳಿಸಿ ಕೈ ಪಳಗಿದ ನೀರುಗಂಟಿಯೊಬ್ಬನೂ, ಅಚ್ಚುಕಟ್ಟಿನ ಕಡೆಯ ಗದ್ದೆಯವನೊಬ್ಬನೂ, ನೀರು ಹೊರುವ ಮನೆಯ ತಾಯಿಯೊಬ್ಬರೂ ಕುಳಿತುಕೊಳ್ಳಲಿ. ಅನುಭವಮಂಟಪದಲ್ಲಿ ಕಾಯಕವನ್ನು ಕೇಳಿ ಪೀಠ ಕೊಟ್ಟರಲ್ಲದೆ ಪದವಿಯನ್ನು ಕೇಳಿ ಕೊಡಲಿಲ್ಲ. ಗುತ್ತಿಗೆಯಲ್ಲಿ, ಯಂತ್ರದ ಬಾಡಿಗೆಯಲ್ಲಿ, ಗೋಡಿನ ಮಾರಾಟದಲ್ಲಿ ಪಾಲುಳ್ಳವನು ಈ ಮಂಡಲಿಯಲ್ಲಿರಕೂಡದು. ಅವನು ಎಂಥ ಭಕ್ತನಾದರೂ ಸರಿಯೆ. ಮಂಡಲಿಯು ಕೆಲಸಕ್ಕೆ ಮುಂಚೆ ಒಮ್ಮೆ, ನಡೆಯುವಾಗ ಒಮ್ಮೆ, ಮೂರು ಮಳೆಗಾಲ ಕಳೆದ ಮೇಲೆ ಮತ್ತೊಮ್ಮೆ ಊರಿಗೆ ಬರಬೇಕು. ಈ ಕಡೆಯ ಬರವು ಮುಖ್ಯ. ಉದ್ಘಾಟನೆಯ ದಿನ ಎಲ್ಲ ಕೆರೆಗಳೂ ಚೆನ್ನಾಗಿಯೇ ಇರುತ್ತವೆ. ೨೦೧೭ರಿಂದ ಹಾಸನದಲ್ಲಿ ಹಸಿರುಭೂಮಿ ಪ್ರತಿಷ್ಠಾನದವರ ಕರೆಯಂತೆ ಜನರು ಕೈಯಾರೆ ಶುದ್ಧಿಮಾಡಿದ ಕಲ್ಯಾಣಿಗಳನ್ನು ಮೊದಲ ಪಾಠಶಾಲೆಯಾಗಿ ಇಟ್ಟುಕೊಂಡು, ಯಾವುದರಲ್ಲಿ ಈಗಲೂ ನೀರಿದೆ, ಯಾವುದು ಪುನಃ ಜೊಂಡಿನಿಂದ ತುಂಬಿತು, ಏತಕ್ಕೆ ಎಂದು ವಿಚಾರಿಸಿದರೆ ನಮಗೆ ಬಹಳ ಬೆಳಕು ದೊರೆಯುವುದು.

ಮಂಡಲಿಗೆ ಬೇಡವೆನ್ನುವ ಅಧಿಕಾರವಿರಬೇಕು. ಏರಿಯ ಬುಡ ಅಗೆಯುತ್ತಿದ್ದರೆ ಅಂದೇ ನಿಲ್ಲಿಸಬೇಕು. ಅದರಂತೆಯೇ ಮಂಡಲಿಯ ಮಾತು ತಪ್ಪೆಂದು ತೋರಿದವನಿಗೆ ಎದ್ದುನಿಂತು ಕೇಳುವ ಅಧಿಕಾರವಿರಬೇಕು. ಕೇಳಿದ ಪ್ರಶ್ನೆಯನ್ನೂ ಕೊಟ್ಟ ಉತ್ತರವನ್ನೂ ಪುಸ್ತಕದಲ್ಲಿ ಬರೆಯಬೇಕು. ಉತ್ತರ ತಿಳಿಯದಿದ್ದರೆ ತಿಳಿಯದೆಂದೇ ಬರೆಯತಕ್ಕದ್ದು. ೧೯೧೧ರಲ್ಲಿ ಮೈಸೂರು ಸರ್ಕಾರವು ಕೆರೆ ಪಂಚಾಯಿತಿಗಳ ರೆಗ್ಯುಲೇಷನ್ನನ್ನು ಮಾಡಿ ಕೆರೆಗಳ ಹೊಣೆಯನ್ನು ಪುನಃ ಊರವರಿಗೆ ಒಪ್ಪಿಸಲು ನೋಡಿತು; ಹೊಣೆ ಮಾತ್ರ ಊರಿನದಾಗಿ, ವಿಚಾರ ಅಮಲ್ದಾರರದಾಗಿ ಉಳಿದರೆ ಅಂಥದು ಬೇರೂರುವುದಿಲ್ಲ. ನಾವು ಅದೇ ದಾರಿಯಲ್ಲಿ ಇಳಿಯಬಾರದು.

ಕಡೆಯದಾಗಿ ಸನ್ನಿಧಿಯಲ್ಲಿ ಒಂದು ಬಿನ್ನಹ. ಭಕ್ತರ ಕೆರೆಗಳನ್ನು ಪರೀಕ್ಷಿಸುವ ಮಂಡಲಿಯು ಶ್ರೀಮಠದ ಕಲ್ಯಾಣಿಯನ್ನೂ ಶ್ರೀಮಠದ ಜಮೀನಿನ ಕಟ್ಟೆಯನ್ನೂ ಬಿಟ್ಟು ಹೋಗಬಾರದು. ಮಠದ ಕಟ್ಟೆಯ ಕೋಡಿಯಿಂದ ಯಾರ ಹೊಲಕ್ಕಾದರೂ ಬಾಧೆಯಿದ್ದರೆ ಆ ಒಕ್ಕಲು ಸಂಕೋಚವಿಲ್ಲದೆ ಹೇಳುವಂತಾಗಬೇಕು. ಅವನು ಹೇಳಿದ್ದು ಪುಸ್ತಕದ ಮೊದಲ ಪುಟದಲ್ಲಿ ಬರಬೇಕು. ಮಠದ್ದನ್ನೇ ಮೊದಲು ನೋಡಿದರೆಂಬ ಸುದ್ದಿ ಹಬ್ಬಿದರೆ, ಊರಿನ ಗೌಡರಾಗಲಿ ಪಟೇಲರಾಗಲಿ ನಮ್ಮದನ್ನು ನೋಡಬೇಡಿರೆನ್ನಲಾರರು. ಪುಸ್ತಕವನ್ನು ಎರಡು ಪ್ರತಿ ಮಾಡಿಸಿ, ಒಂದನ್ನು ಗ್ರಾಮ ಪಂಚಾಯಿತಿಯಲ್ಲಿಯೂ ಒಂದನ್ನು ಊರಿನ ಪಾಠಶಾಲೆಯಲ್ಲಿಯೂ ಇಡತಕ್ಕದ್ದು. ವರ್ಷಕ್ಕೊಮ್ಮೆ, ಮುಂಗಾರು ಹಿಡಿಯುವುದಕ್ಕೆ ಮುಂಚೆ, ಊರ ಚಾವಡಿಯಲ್ಲಿ ಅದನ್ನು ಗಟ್ಟಿಯಾಗಿ ಓದಿಸತಕ್ಕದ್ದು. ಓದುವವರು ಶಾಲೆಯ ಮಕ್ಕಳಾದರೆ ಇನ್ನೂ ಲೇಸು. ಈ ಬಿನ್ನಹಕ್ಕೆ ಸನ್ನಿಧಿಯ ಅಪ್ಪಣೆಯಾದರೆ, ಕಟ್ಟೆಯನ್ನು ನೋಡತಕ್ಕವರ ಹೆಸರುಗಳನ್ನು ಈ ಸಭೆಯಲ್ಲಿಯೇ ಬರೆದುಕೊಳ್ಳಬಹುದು.